ಕೂಡಲಸಂಗಮದಿಂದ ಕಣಕುಂಬಿಗೆ: ಎದೆಬಡಿತದ ಮೂಲ ಹುಡುಕಿದ ಕಥೆ

ಮಲಪ್ರಭೆ ಹುಟ್ಟೋದು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಖಾನಾಪುರ ಪೇಟೆಯ ಮಗ್ಗುಲಲ್ಲಿ ಹಾದು, ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಗುಡ್ಡದ ಸಂದಿಯೊಳಗೆ ನುಸುಳಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರ್ತಾಳೆ. ಸುಮಾರು 300 ಕಿಲೋಮೀಟರಿನ ಹಾದಿ.

ಈಗ ಹೀಗೆ ಕಲ್ಪಿಸಿಕೊಳ್ಳಿ. ಒಬ್ಬ ಮನುಷ್ಯನಿಗೆ ಕಣಕುಂಬಿ ಅನ್ನೋ ಊರು ಇದೆ ಅಂತಲೇ ಗೊತ್ತಿಲ್ಲ. ಅವನು ಮೊದಲು ಕಂಡದ್ದು ಯಾವುದೋ ಹೊಲದ ಬದುವಿನಲ್ಲಿ ಹರಿಯೋ ಸಣ್ಣ ಕಾಲುವೆ. ಅದು ಯಾಕಿದೆ ಅನ್ನೋದೂ ತಿಳೀದೆ ಅವನು ತೀರಿಕೊಂಡ. ಆಮೇಲೆ ಬಂದ ಇನ್ನೊಬ್ಬನಿಗೆ ಗುಡ್ಡದ ಸಂದಿ ಸಿಕ್ತು. ಮತ್ತೊಬ್ಬ ಅಣೆಕಟ್ಟು ಕಂಡ. ಕಡೆಯವನು ಕಾಡಿನೊಳಗೆ ನಡೆದು ಒರತೆಯನ್ನೇ ಮುಟ್ಟಿದ. ಅಂದ್ರೆ ನೀರು ಹರಿದ ದಿಕ್ಕು ಒಂದು, ಹುಡುಕಿದವರು ನಡೆದ ದಿಕ್ಕು ಅದಕ್ಕೆ ತಿರುಗಾ.

ಹೃದಯದ ವಿದ್ಯುತ್ತಿನ ಇತಿಹಾಸ ಇದೇ ಥರದ್ದು. ಬಡಿತ ಎಲ್ಲಿ ಹುಟ್ಟುತ್ತೆ, ಯಾವ ಹಾದಿಯಲ್ಲಿ ಹರಡುತ್ತೆ ಅನ್ನೋದನ್ನ ಮನುಷ್ಯ ತುದಿಯಿಂದ ಶುರು ಮಾಡಿ ಮೂಲದ ಕಡೆ ಹೋಗ್ತಾ ಕಂಡುಕೊಂಡ. ಅದಕ್ಕೆ ಹೆಚ್ಚು ಕಡಿಮೆ 70 ವರ್ಷ ಬೇಕಾಯ್ತು. ಓದ್ತಾ ಓದ್ತಾ ನನಗೆ ಇದು ಬಹಳ ಸೋಜಿಗ ಅನ್ನಿಸಿತು, ಅದಕ್ಕೇ ಬರೀತಿದ್ದೀನಿ.

ಮೊದಲು ಹಾದಿ ಹೇಗಿದೆ ಅಂತ ಹೇಳಿಬಿಡ್ತೀನಿ. ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆ. ಶಾಲೆಯಲ್ಲಿ ಹೃತ್ಕರ್ಣ, ಹೃತ್ಕುಕ್ಷಿ ಅಂತ ಬಾಯಿಪಾಠ ಮಾಡಿದ್ದು ನೆನಪಿರಬೇಕು. ಬಲಗಡೆ ಮೇಲಿನ ಕೋಣೆಯ ಗೋಡೆಯಲ್ಲಿ, ಮೇಲಿನ ದೊಡ್ಡ ರಕ್ತನಾಳ ಬಂದು ಸೇರೋ ಜಾಗದಲ್ಲಿ, ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಒಂದು ಜೀವಕೋಶಗಳ ಗಂಟಿದೆ. ಇಂಗ್ಲಿಷಿನವರು ಇದಕ್ಕೆ ಸೈನಸ್ ನೋಡ್ ಅಂತಾರೆ. ('ನೋಡ್' ಅಂದ್ರೆ ನೋಡು ಅಂತಲ್ಲ ಮಾರಾಯ್ರೆ, ಗಂಟು ಅಂತ!) ಇದೇ ಕಣಕುಂಬಿ. ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 60ರಿಂದ 100 ಸಲ ಇಲ್ಲಿ ಒಂದು ವಿದ್ಯುತ್ ಅಲೆ ಏಳುತ್ತೆ. ನಿಮಿಷಕ್ಕೆ 72 ಅಂತ ಹಿಡಿದರೂ ದಿನಕ್ಕೆ ಒಂದು ಲಕ್ಷ ದಾಟುತ್ತೆ, ಲೆಕ್ಕ ಹಾಕಿ ನೋಡಿ.

ಆ ಅಲೆ ಮೇಲಿನ ಎರಡೂ ಕೋಣೆಗಳಲ್ಲಿ ಹರಡಿ ಅವುಗಳನ್ನು ಹಿಂಡುತ್ತೆ. ಆದರೆ ಕೆಳಗಿಳಿಯೋಕೆ ಅದಕ್ಕೆ ಎಲ್ಲೆಂದರಲ್ಲಿ ದಾರಿಯಿಲ್ಲ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ದಾಟದ ನಾರಿನ ಪದರ ಇದೆ, ಅಡ್ಡಗುಡ್ಡದ ಹಾಗೆ. ಇರೋದು ಒಂದೇ ಸಂದಿ. ಆ ಸಂದಿಗೆ ಸ್ವಲ್ಪ ಮುಂಚೆ ಎರಡನೇ ಗಂಟು, ಎ.ವಿ. ನೋಡ್. ಇಲ್ಲಿ ಅಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು ನಿಲ್ಲುತ್ತೆ. ಮೇಲಿನ ಕೋಣೆಯ ರಕ್ತವೆಲ್ಲ ಕೆಳಗಿನ ಕೋಣೆಗೆ ಇಳಿಯೋಕೆ ಇಷ್ಟು ಪುರಸೊತ್ತು ಬೇಕು. ನವಿಲುತೀರ್ಥದಲ್ಲಿ ಗುಡ್ಡದ ಸಂದಿಗೆ ಅಡ್ಡ ಕಟ್ಟಿದ ರೇಣುಕಾಸಾಗರ ಇದೆಯಲ್ಲ, ಹಾಗೆ. ಸಂದಿ ದಾಟಿದ ಮೇಲೆ ಎಡಕ್ಕೊಂದು ಬಲಕ್ಕೊಂದು ಕವಲು, ಮಲಪ್ರಭಾ ಎಡದಂಡೆ ಬಲದಂಡೆ ಕಾಲುವೆಗಳ ಥರಾನೇ. ಅವು ಕವಲೊಡೆದು ಕವಲೊಡೆದು, ಕೊನೆಗೆ ಕೆಳಕೋಣೆಗಳ ಒಳಗೋಡೆಯ ತುಂಬ ಹರಡಿದ ಎಳೆಗಳ ಬಲೆಯಾಗುತ್ತವೆ. ಈ ಎಳೆಗಳಲ್ಲಿ ಅಲೆ ಸೆಕೆಂಡಿಗೆ 2ರಿಂದ 4 ಮೀಟರ್ ವೇಗದಲ್ಲಿ ಓಡುತ್ತೆ. ಎ.ವಿ. ಗಂಟಿನಲ್ಲಿ ಅದೇ ಅಲೆ ಸೆಕೆಂಡಿಗೆ 5 ಸೆಂಟಿಮೀಟರ್ ಲೆಕ್ಕದಲ್ಲಿ ತೆವಳಿಕೊಂಡು ಬಂದಿರುತ್ತೆ! ನಿಧಾನ ಬೇಕಾದಲ್ಲಿ ನಿಧಾನ, ಅವಸರ ಬೇಕಾದಲ್ಲಿ ಅವಸರ. ಹೀಗಾಗಿ ಕೆಳಗಿನ ಕೋಣೆಗಳ ಅಷ್ಟೂ ಮಾಂಸ ಹೆಚ್ಚು ಕಡಿಮೆ ಒಟ್ಟಿಗೇ ಹಿಂಡಿಕೊಳ್ಳುತ್ತೆ.

ಒಂದು ಮಾತು. ನದಿಯ ಹೋಲಿಕೆ ಹಾದಿಯ ಮಟ್ಟಿಗೆ ಮಾತ್ರ ಸರಿ. ಮೂಲದಲ್ಲಿ ಹುಟ್ಟಿದ್ದು ನೀರಿನ ಹಾಗೆ ಕೊನೇ ತನಕ ಹರಿದು ಬರೋದಿಲ್ಲ. ಅದು ಹರಡುವ ರೀತಿ ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬಿದ್ದ ಬೆಂಕಿಯದು. ಒಂದು ಎಸಳು ಪಕ್ಕದ ಎಸಳಿಗೆ ಹೊತ್ತಿಸುತ್ತೆ, ಅದು ತನ್ನ ಪಕ್ಕದ್ದಕ್ಕೆ. ಸುಟ್ಟ ಜಾಗಕ್ಕೆ ಬೆಂಕಿ ತಿರುಗಿ ಬರೋಕಾಗಲ್ಲ, ಹುಲ್ಲು ಚಿಗುರಬೇಕು. ಹೃದಯದಲ್ಲಿ ಆ 'ಹುಲ್ಲು' ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಮತ್ತೆ ಚಿಗುರಿ ನಿಂತಿರುತ್ತೆ. ಈ ಚಿಗುರುವ ಹೊತ್ತು ಇರೋದರಿಂದಲೇ ಅಲೆ ಹಿಂದಕ್ಕೆ ತಿರುಗದೆ ಮುಂದಕ್ಕೆ ಮಾತ್ರ ಸಾಗೋದು. ಹುಲ್ಲು ಅಲ್ಲಲ್ಲಿ ಚಿಗುರಿ, ಬೆಂಕಿ ಸುತ್ತು ಹೊಡೆಯೋಕೆ ಶುರು ಮಾಡಿದರೆ ಮಾತ್ರ ಅನಾಹುತ. ಎಷ್ಟೋ ಬಗೆಯ ತಾಳ ತಪ್ಪಿದ ಬಡಿತಗಳ ಹಿಂದೆ ಇಂಥ ಸುತ್ತುಬೆಂಕಿ ಇರುತ್ತೆ.

ಸರಿ, ಈಗ ಹುಡುಕಿದವರ ಕಥೆಗೆ ಬರೋಣ.

ಹೃದಯವನ್ನು ದೇಹದಿಂದ ತೆಗೆದರೂ ಅದು ಸ್ವಲ್ಪ ಹೊತ್ತು ಬಡೀತಾನೇ ಇರುತ್ತೆ ಅನ್ನೋದು ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ಗೂ ಗೊತ್ತಿತ್ತು. ಆದರೂ ಬಡಿತದ ಅಪ್ಪಣೆ ಎಲ್ಲಿಂದ ಬರುತ್ತೆ, ನರದಿಂದಲೋ ಅಥವಾ ಹೃದಯದ ಮಾಂಸವೇ ತಾನಾಗಿ ಬಡಿಯುತ್ತೋ ಅನ್ನೋ ಜಗಳ 19ನೇ ಶತಮಾನದ ಕೊನೇ ತನಕ ನಡೆದೇ ಇತ್ತು.

ಹೊಲದ ಕಾಲುವೆ ಕಂಡವನ ಹೆಸರು ಯಾನ್ ಪುರ್ಕಿಂಜೆ. ಚೆಕ್ ದೇಶದವನು, ಬ್ರೆಸ್ಲೌದಲ್ಲಿ (ಈಗ ಪೋಲೆಂಡಿನಲ್ಲಿದೆ) ಪ್ರೊಫೆಸರ್. 1839ರಲ್ಲಿ ಕುರಿಯ ಹೃದಯದ ಕೆಳಕೋಣೆಯ ಒಳಗೋಡೆಯಲ್ಲಿ ಬೂದುಬಣ್ಣದ, ಲೋಳೆಯಂಥ ಎಳೆಗಳ ಬಲೆ ಅವನ ಕಣ್ಣಿಗೆ ಬಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಟ್ಟ. ಮೊದಲು ಮೃದ್ವಸ್ಥಿ ಅಂದ್ಕೊಂಡ, ಆಮೇಲೆ ಮಾಂಸದ ಜಾತಿಯದು ಅಂದ. ಯಾಕಿದೆ ಅಂತ ಗೊತ್ತಾಗಲಿಲ್ಲ. 1869ರಲ್ಲಿ ಅವನು ತೀರಿಹೋದಾಗಲೂ ಆ ಎಳೆಗಳ ಕೆಲಸ ಏನು ಅಂತ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

1852ರಲ್ಲಿ ಜರ್ಮನಿಯ ಸ್ಟಾನಿಯಸ್ ಕಪ್ಪೆಯ ಹೃದಯಕ್ಕೆ ದಾರ ಕಟ್ಟಿ ನೋಡಿದ. ರಕ್ತ ಬಂದು ಸೇರುವ ಚೀಲಕ್ಕೂ ಮೇಲಿನ ಕೋಣೆಗೂ ನಡುವೆ ಬಿಗಿದರೆ, ಚೀಲ ಬಡೀತಾ ಇರುತ್ತೆ, ಉಳಿದ ಹೃದಯ ಗಪ್ಪನೆ ನಿಲ್ಲುತ್ತೆ! ಅಂದ್ರೆ ಸುದ್ದಿ ಆ ಕಡೆಯಿಂದಲೇ ಬರ್ತಿದೆ ಅಂತಾಯ್ತು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷದ ಹುಡುಗರು ಕಪ್ಪೆಯ ಮೇಲೆ ಈ ಪ್ರಯೋಗ ಮಾಡೋದು ಬಹಳ ವರ್ಷ ವಾಡಿಕೆಯಾಗಿತ್ತು. ಈಗ ಕಂಪ್ಯೂಟರ್ ಪರದೆಯ ಮೇಲೆ ತೋರಿಸ್ತಾರೆ, ಕಪ್ಪೆಗಳು ಬಚಾವು.

ಆಮೇಲೆ 1880ರ ದಶಕದಲ್ಲಿ ಕೇಂಬ್ರಿಜ್‌ನ ಗ್ಯಾಸ್ಕೆಲ್ ಆಮೆಯ ಹೃದಯ ಹಿಡಿದುಕೊಂಡು ಕೂತ. ಆಮೆಯ ಆಯ್ಕೆ ಜಾಣತನದ್ದು, ಎಲ್ಲವೂ ನಿಧಾನ, ಕಣ್ಣಲ್ಲೇ ಹಿಂಬಾಲಿಸಬಹುದು. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಮಾಂಸದ ಸೇತುವೆಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಸಣ್ಣದು ಮಾಡ್ತಾ ಬಂದ. ಮೊದಲು ಎಲ್ಲ ಬಡಿತಗಳೂ ದಾಟಿದವು. ಇನ್ನೂ ಸಣ್ಣದಾದ ಮೇಲೆ ಎರಡಕ್ಕೊಂದು ದಾಟಿತು. ಪೂರ್ತಿ ಕತ್ತರಿಸಿದ ಮೇಲೆ ಒಂದೂ ಇಲ್ಲ. ಇವತ್ತು ಡಾಕ್ಟರುಗಳು ಹೇಳೋ 'ಹಾರ್ಟ್ ಬ್ಲಾಕ್' ಅನ್ನೋ ಮಾತು ಬಂದದ್ದು ಇಲ್ಲಿಂದ. (ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳೋದಕ್ಕೂ ನಾವು 'ಬ್ಲಾಕ್' ಅಂತೀವಿ. ಅದು ನೀರಿನ ಪೈಪಿನ ತೊಂದರೆ, ಇದು ಕರೆಂಟಿನ ವೈರಿನ ತೊಂದರೆ. ಎರಡೂ ಬೇರೆ ಬೇರೆ.) ಬಡಿತ ಮಾಂಸದಿಂದ ಮಾಂಸಕ್ಕೆ ದಾಟುತ್ತೆ, ನರದ ಹಂಗಿಲ್ಲ ಅಂತ ಗ್ಯಾಸ್ಕೆಲ್ ವಾದಿಸಿದ. ಮೆದುಳಿನ ನರಗಳು ವೇಗ ಹೆಚ್ಚು ಕಡಿಮೆ ಮಾಡಬಹುದು, ಬಡಿತ ಹುಟ್ಟಿಸೋದು ಅವಲ್ಲ.

ಹಾಗಾದ್ರೆ ನಮ್ಮಂಥ ಪ್ರಾಣಿಗಳಲ್ಲಿ ಆ ಸೇತುವೆ ಎಲ್ಲಿ? ನಡುವೆ ನಾರಿನ ಗುಡ್ಡ ಇದೆಯಲ್ಲ? 1893ರಲ್ಲಿ ಲೈಪ್ಜಿಗ್‌ನಲ್ಲಿದ್ದ ತರುಣ ವೈದ್ಯ ವಿಲ್ಹೆಲ್ಮ್ ಹಿಸ್ ಗುಡ್ಡದ ಸಂದಿ ಪತ್ತೆ ಮಾಡಿದ. ಮೇಲಿನಿಂದ ಕೆಳಗೆ ದಾಟುವ ಒಂದು ಸಣ್ಣ ಮಾಂಸದ ಕಟ್ಟು. ಇವತ್ತಿಗೂ ಅದು 'ಹಿಸ್ ಬಂಡಲ್'. ಆದರೆ ಅದು ಸಂದಿ ದಾಟಿದ ಮೇಲೆ ಎಲ್ಲಿಗೆ ಹೋಗುತ್ತೆ, ಎಲ್ಲಿಂದ ಬರುತ್ತೆ ಅನ್ನೋದು ಸ್ಪಷ್ಟವಿರಲಿಲ್ಲ. ಇಂಥದ್ದೊಂದು ಇದೆ ಅನ್ನೋದನ್ನೇ ಕೆಲವರು ನಂಬಲಿಲ್ಲ.

ಎಲ್ಲ ತುಂಡುಗಳನ್ನೂ ಜೋಡಿಸಿದವನು ಒಬ್ಬ ಜಪಾನಿ, ಸುನಾವೊ ತವಾರಾ. ಈ ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಈತ. 1903ರಲ್ಲಿ ಜರ್ಮನಿಯ ಮಾರ್ಬುರ್ಗ್‌ಗೆ ಹೋಗಿ ಆಶೋಫ್ ಅನ್ನೋ ಪ್ರೊಫೆಸರ ಕೈಕೆಳಗೆ ಕೂತ. ಹೃದಯವನ್ನು ತೆಳ್ಳಗೆ ಒಂದರ ಹಿಂದೊಂದು ಹೋಳು ಮಾಡಿ, ಬಣ್ಣ ಹಾಕಿ, ಒಂದೊಂದನ್ನೇ ನೋಡ್ತಾ ಕಟ್ಟಿನ ಜಾಡು ಹಿಡಿದ. ಹಿಸ್‌ನ ಕಟ್ಟು ಕೆಳಗೆ ಎರಡು ಕವಲಾಗುತ್ತೆ, ಕವಲುಗಳು ಹರಡಿ ಹರಡಿ ಹೋಗಿ ಸೇರೋದು ಎಲ್ಲಿಗೆ ಅಂತೀರಿ? ಪುರ್ಕಿಂಜೆ 67 ವರ್ಷ ಹಿಂದೆ ನೋಡಿ ಕೈಚೆಲ್ಲಿದ ಅದೇ ಬೂದು ಎಳೆಗಳಿಗೆ! ಮೇಲಕ್ಕೆ ನೋಡಿದರೆ ಕಟ್ಟಿನ ಬುಡದಲ್ಲಿ ಒಂದು ಗಂಟು, ಅದೇ ಎ.ವಿ. ನೋಡ್. 1906ರಲ್ಲಿ ತವಾರಾನ ಪುಸ್ತಕ ಬಂತು. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ದಶಕದಲ್ಲಿ ಬಿಡಿಬಿಡಿಯಾಗಿ ಸಿಕ್ಕಿದ್ದೆಲ್ಲ ಒಂದೇ ಹೊಳೆ ಅಂತ ತೋರಿಸಿ, ಆತ ಜಪಾನಿಗೆ ವಾಪಸಾಗಿ ಫುಕುವೊಕಾದಲ್ಲಿ ಪಾಠ ಮಾಡಿಕೊಂಡಿದ್ದ.

ಇನ್ನುಳಿದದ್ದು ಕಣಕುಂಬಿ ಒಂದೇ. ತವಾರಾ ಹೇಳಿದ್ದನ್ನು ಪರೀಕ್ಷೆ ಮಾಡಿ ನಿಜ ಅಂತ ಒಪ್ಪಿಕೊಂಡವರಲ್ಲಿ ಆರ್ಥರ್ ಕೀತ್ ಒಬ್ಬ. ಇಂಗ್ಲೆಂಡಿನ ಕೆಂಟ್ ಸೀಮೆಯ ಹಳ್ಳಿಯೊಂದರ ಅವನ ಮನೆಯಲ್ಲಿ 1906ರ ಬೇಸಿಗೆಯಲ್ಲಿ ಮಾರ್ಟಿನ್ ಫ್ಲ್ಯಾಕ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಕೆಲಸ ಮಾಡ್ತಿದ್ದ. ಒಂದು ದಿನ ಕೀತ್ ಮತ್ತು ಅವನ ಹೆಂಡತಿ ಸೈಕಲ್ ಹತ್ತಿ ತಿರುಗಾಡೋಕೆ ಹೋಗಿದ್ದರು. ವಾಪಸ್ ಬಂದಾಗ ಹುಡುಗ ಸಂಭ್ರಮದಲ್ಲಿ ನಿಂತಿದ್ದ. ಮೋಲ್ ಅನ್ನೋ ನೆಲ ಕೊರೆಯುವ ಪುಟ್ಟ ಪ್ರಾಣಿಯ ಹೃದಯದಲ್ಲಿ, ಬಲ ಮೇಲ್ಕೋಣೆಯ ಬಾಯಲ್ಲಿ, ತವಾರಾನ ಗಂಟಿನಂಥದ್ದೇ ಇನ್ನೊಂದು ಗಂಟು ಅವನಿಗೆ ಸಿಕ್ಕಿತ್ತು. 1907ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಕಡೆಗೂ ಮೂಲ ಸಿಕ್ತು, ಅದೂ ಒಬ್ಬ ವಿದ್ಯಾರ್ಥಿಗೆ, ಗುರುಗಳು ಸೈಕಲ್ ಮೇಲಿದ್ದಾಗ!

ಆದರೆ ಗಂಟು ಕಂಡ ಮಾತ್ರಕ್ಕೆ ಬಡಿತ ಅಲ್ಲೇ ಹುಟ್ಟುತ್ತೆ ಅಂತ ಹೇಗೆ ಹೇಳೋದು? ಅದಕ್ಕೆ ವಿದ್ಯುತ್ತನ್ನು ಅಳೆಯೋ ಯಂತ್ರ ಬೇಕು. ಬಡಿಯುವ ಹೃದಯದಲ್ಲಿ ವಿದ್ಯುತ್ತಿದೆ ಅಂತ 1856ರಲ್ಲೇ ಕೋಲಿಕರ್ ಮತ್ತು ಮುಲ್ಲರ್ ತೋರಿಸಿದ್ದರು. ಯಂತ್ರ ಗಿಂತ್ರ ಏನಿಲ್ಲ, ಕಪ್ಪೆಯ ಕಾಲಿನ ನರವನ್ನು ಬಡಿಯುವ ಹೃದಯದ ಮೇಲೆ ಇಟ್ಟರು, ಪ್ರತಿ ಬಡಿತಕ್ಕೂ ಕಾಲು ಒದೆಯಿತು. 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಎದೆ ಸೀಳದೆ ಮನುಷ್ಯನ ಹೃದಯದ ವಿದ್ಯುತ್ತನ್ನು ಮೊದಲ ಸಲ ದಾಖಲಿಸಿದ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಹಾಲೆಂಡಿನ ಐಂತೋವನ್ ಅದಕ್ಕೆ ತಕ್ಕ ಯಂತ್ರ ಕಟ್ಟಿದ. ಸುಮಾರು 270 ಕಿಲೋ ತೂಕ, ನಡೆಸೋಕೆ ಐದು ಜನ. ರೋಗಿ ಎರಡೂ ಕೈ, ಒಂದು ಕಾಲು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕು. ಯಂತ್ರವನ್ನು ಆಸ್ಪತ್ರೆಗೆ ಒಯ್ಯೋಕಾಗದೆ, 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೇಲೆ ಎದೆಬಡಿತವನ್ನೇ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡ! 1924ರಲ್ಲಿ ನೊಬೆಲ್ ಬಂತು. ಇವತ್ತಿನ ಇಸಿಜಿ ಇದರ ಮರಿಮಗ. 1910ರಲ್ಲಿ ಥಾಮಸ್ ಲೂಯಿಸ್ ಈ ಯಂತ್ರ ಬಳಸಿ, ಅಲೆ ಎಲ್ಲಕ್ಕಿಂತ ಮೊದಲು ಏಳೋದು ಕೀತ್ ಮತ್ತು ಫ್ಲ್ಯಾಕ್ ಕಂಡ ಗಂಟಿನ ಜಾಗದಲ್ಲೇ ಅಂತ ಸಾಬೀತು ಮಾಡಿದ.

ಇಸಿಜಿ ಚೀಟಿ ಕೈಗೆ ಸಿಕ್ಕರೆ ಮುಂದಿನ ಸಲ ನೋಡಿ. ಮೊದಲು ಸಣ್ಣ ಉಬ್ಬು, ಅದು ಮೇಲಿನ ಕೋಣೆಗಳು. ಆಮೇಲೆ ಸ್ವಲ್ಪ ಸಪಾಟ, ಅದು ಅಣೆಕಟ್ಟಿನಲ್ಲಿ ತಡೆದದ್ದು. ಆಮೇಲೆ ಚೂಪು ಶಿಖರ, ಕಾಲುವೆಗಳಲ್ಲಿ ನುಗ್ಗಿ ಕೆಳಕೋಣೆಗಳಿಗೆ ಹರಡಿದ್ದು. ಕೊನೆಯ ದುಂಡು ಉಬ್ಬು, ಹುಲ್ಲು ಮತ್ತೆ ಚಿಗುರಿದ್ದು. ಇಡೀ ಮಲಪ್ರಭೆ ಒಂದು ಸೆಕೆಂಡಿನೊಳಗೆ!

ಸರಿ, ಆ ಗಂಟಿಗೆ ಯಾರು ಹೇಳಿಕೊಟ್ಟರು? 1880ರ ದಶಕದ ಶುರುವಿನಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಲ್ಲಿಟ್ಟು ಬಡಿಸ್ತಿದ್ದ. ನಲ್ಲಿನೀರಲ್ಲಿ ಮಾಡಿದ ದ್ರಾವಣದಲ್ಲಿ ಹೃದಯ ಚೆನ್ನಾಗಿ ಬಡೀತಿತ್ತು, ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಬೇಗ ಸೋಲ್ತಿತ್ತು. ವ್ಯತ್ಯಾಸ ನಲ್ಲಿನೀರಿನಲ್ಲಿದ್ದ ಸುಣ್ಣದ ಅಂಶ, ಅಂದ್ರೆ ಕ್ಯಾಲ್ಸಿಯಂ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಣಗಳು ಜೀವಕೋಶದ ಪೊರೆಯ ಒಳಗೆ ಹೊರಗೆ ಓಡಾಡೋದೇ ಹೃದಯದ ಕರೆಂಟು. ಬೇರೆ ಮಾಂಸದ ಕೋಶ ಯಾರಾದರೂ ತಟ್ಟೋ ತನಕ ಸುಮ್ಮನಿರುತ್ತೆ. ಸೈನಸ್ ಗಂಟಿನ ಕೋಶಕ್ಕೆ ಸುಮ್ಮನಿರೋಕೆ ಬರಲ್ಲ. ನಲ್ಲಿಯ ತುದಿಯಲ್ಲಿ ಹನಿ ದಪ್ಪಗಾಗ್ತಾ ಹೋಗಿ ತೊಟಕ್ ಅಂತ ಬೀಳುತ್ತಲ್ಲ, ಹಾಗೆ ಅದರೊಳಗೆ ಕಣಗಳು ಸೋರಿ ಸೋರಿ, ಒಂದು ಮಟ್ಟ ಮುಟ್ಟಿದ ಕೂಡಲೇ ಅಲೆ ಏಳುತ್ತೆ. ಈ ಸೋರಿಕೆಯ ದೊಡ್ಡ ಪಾಲನ್ನು 1979ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬ್ರೌನ್, ಡಿಫ್ರಾಂಚೆಸ್ಕೊ ಮತ್ತು ನೋಬಲ್ ಗುರುತಿಸಿದರು. ಅದರ ನಡವಳಿಕೆ ವಿಚಿತ್ರ ಅನ್ನಿಸಿ 'ಫನ್ನಿ ಕರೆಂಟ್' ಅಂತ ಹೆಸರಿಟ್ಟರು. ತಮಾಷೆ ಅಲ್ಲ, ಪಠ್ಯಪುಸ್ತಕದಲ್ಲೂ ಅದೇ ಹೆಸರು.

ಇಷ್ಟೆಲ್ಲ ಯಾಕೆ ಓದೋಕೆ ಹೋದೆ ಅಂದ್ರೆ, ನಮ್ಮ ಕಾಕಾನ ದೆಸೆಯಿಂದ. ಖಾನಾಪುರದ ಕಡೆ ಹಳ್ಳಿಯಲ್ಲಿ ಇರ್ತಾರೆ, ಎಪ್ಪತ್ತು ದಾಟಿದೆ. ನಿಂತಲ್ಲೇ ಎಚ್ಚರ ತಪ್ಪಿ ಬೀಳೋರು, ಅರ್ಧ ನಿಮಿಷದಲ್ಲಿ ಎದ್ದು ಕೂರೋರು. ಕೇಳಿದ್ರೆ "ಏನಿಲ್ಲೋ ತಮ್ಮಾ, ಚಕ್ಕರ್ ಬಂದಿತ್ತು ಅಷ್ಟ" ಅನ್ನೋರು. ಮನೆಯಲ್ಲಿ ಹಿರಿಯರು ಪಿತ್ತ ಅಂದ್ರು, ಕೆಲವರು ಮೂರ್ಛೆರೋಗ ಅಂದ್ರು. ನಿಂಬೆಹಣ್ಣಿನ ಶರಬತ್ತೂ ಆಯ್ತು, ಹರಕೆಯೂ ಆಯ್ತು. ಕೊನೆಗೆ ಒಬ್ಬ ನರ್ಸ್ ಬಾಯಿ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ನಿಮಿಷಕ್ಕೆ 34. ಬೆಳಗಾವಿಗೆ ಕರ್ಕೊಂಡು ಬಂದು ಇಸಿಜಿ ತೆಗೆಸಿದರೆ, ಮೇಲಿನ ಕೋಣೆಗಳದ್ದು ಒಂದು ತಾಳ, ಕೆಳಗಿನವುಗಳದ್ದು ಇನ್ನೊಂದು. ನಡುವಿನ ಸಂದಿ ಪೂರ್ತಿ ಮುಚ್ಚಿಹೋಗಿತ್ತು. ಗ್ಯಾಸ್ಕೆಲ್ ಆಮೆಯಲ್ಲಿ ಕತ್ತರಿಯಿಂದ ಮಾಡಿದ್ದನ್ನ ವಯಸ್ಸು ನಮ್ಮ ಕಾಕಾನಲ್ಲಿ ಮಾಡಿತ್ತು.

ಹಾಗಾದ್ರೆ ಅವರು ಬದುಕಿದ್ದು ಹೇಗೆ? ಮೂಲದ ನೀರು ಬಾರದಿದ್ದರೂ ದಾರಿಯುದ್ದಕ್ಕೂ ಸಣ್ಣ ಒರತೆಗಳಿವೆ. ಎ.ವಿ. ಗಂಟಿನ ಆಸುಪಾಸು ನಿಮಿಷಕ್ಕೆ 40ರಿಂದ 60, ಪುರ್ಕಿಂಜೆ ಎಳೆಗಳು 20ರಿಂದ 40. ಮೇಲಿನವರು ಸುಮ್ಮನಾದರೆ ಕೆಳಗಿನವರು ಜವಾಬ್ದಾರಿ ಹೊರ್ತಾರೆ. ಆದರೆ ಆ ಒರತೆ ಶುರುವಾಗೋಕೆ ಕೆಲವು ಸೆಕೆಂಡು ತಡವಾದರೆ ಮೆದುಳಿಗೆ ರಕ್ತ ಇಲ್ಲ, ಮನುಷ್ಯ ನೆಲಕ್ಕೆ. ಹೀಗೆ ಬೀಳೋದಕ್ಕೆ ಕಾರಣ ಮೆದುಳಲ್ಲ, ನಿಧಾನವಾದ ಹೃದಯ ಅಂತ ಐರ್ಲೆಂಡಿನ ಡಬ್ಲಿನ್‌ನಲ್ಲಿ ರಾಬರ್ಟ್ ಆಡಮ್ಸ್ 1827ರಲ್ಲೂ, ವಿಲಿಯಂ ಸ್ಟೋಕ್ಸ್ 1846ರಲ್ಲೂ ಬರೆದಿದ್ದರು. ಅವರಿಗೆ ಇಸಿಜಿ ಇರಲಿಲ್ಲ. ನಾಡಿ ಹಿಡಿದು ಎಣಿಸಿದರು, ಅಷ್ಟೇ. ನಮ್ಮ ನರ್ಸ್ ಬಾಯಿ ಮಾಡಿದ್ದೂ ಅದನ್ನೇ.

ಕಾಯಿಲೆ ಗೊತ್ತಾಗಿ ನೂರು ವರ್ಷ ಕಳೆದರೂ ಇಂಥವರಿಗೆ ಮಾಡೋಕೆ ಹೆಚ್ಚೇನೂ ಇರಲಿಲ್ಲ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮಾಡಿದ ಪುಟ್ಟ ಯಂತ್ರವನ್ನು ಸರ್ಜನ್ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಅನ್ನೋ ರೋಗಿಯ ದೇಹದೊಳಗೆ ಇಟ್ಟರು. ದೇಹದೊಳಗೆ ಕೂರಿಸಿದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಇನ್ನೊಂದು ಹಾಕಿದರು. ಲಾರ್ಸನ್ ತನ್ನ ಆಯುಷ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು, 86 ವರ್ಷ ಬಾಳಿ 2001ರಲ್ಲಿ ತೀರಿಕೊಂಡ. ಎಂಜಿನಿಯರೂ ಸರ್ಜನ್ನೂ ಅವನಿಗಿಂತ ಮುಂಚೆಯೇ ಹೋಗಿದ್ದರು!

ಕಾಕಾಗೂ ಬೆಳಗಾವಿಯಲ್ಲೇ ಪೇಸ್‌ಮೇಕರ್ ಹಾಕಿದರು. ಹೊಲಕ್ಕೆ ಹೋಗ್ತಾರೆ. ಮೊಬೈಲ್ ಮಾತ್ರ ಬಲಗಿವಿಗೆ, ಅಂಗಿಯ ಎಡಜೇಬು ಖಾಲಿ.

ಬೆಳಗಾವಿ ಅಂದ ಕೂಡಲೇ ಇನ್ನೊಂದು ವಿಷಯ. ಈಚಿನ ವರ್ಷಗಳಲ್ಲಿ ಇಲ್ಲಿಯ ಕೆ.ಎಲ್.ಇ. ಆಸ್ಪತ್ರೆಯಲ್ಲಿ ಹೃದಯ ಕಸಿಯೂ ನಡೆದಿದೆ. ಕಸಿ ಮಾಡುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯೋಕಾಗೋದಿಲ್ಲ. ಹೊಸ ಎದೆಯಲ್ಲಿ ಆ ಹೃದಯ ಮೆದುಳಿನ ಒಂದು ಮಾತೂ ಕೇಳಿಸದೆ, ತನ್ನದೇ ಸೈನಸ್ ಗಂಟಿನ ತಾಳಕ್ಕೆ ಬಡಿಯುತ್ತೆ. ಗ್ಯಾಲೆನ್ ನೋಡಿ ಬೆರಗಾದದ್ದು, ಗ್ಯಾಸ್ಕೆಲ್ ವಾದ ಮಾಡಿದ್ದು ಇದನ್ನೇ. ಅಪ್ಪಣೆ ಹೊರಗಿನದಲ್ಲ, ಒರತೆ ಒಳಗೇ ಇದೆ.

ನಿಮ್ಮ ಮನೆಯಲ್ಲೂ ವಯಸ್ಸಾದವರು ಯಾರಾದರೂ ಪದೇ ಪದೇ "ಚಕ್ಕರ್ ಬಂತು" ಅಂತ ಬೀಳ್ತಿದ್ದರೆ ಪಿತ್ತ ಅಂತ ಬಿಟ್ಟುಬಿಡಬೇಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಕೆ ಬಹಳ ಕಡಿಮೆ ಬಂದರೆ ಅವತ್ತೇ ಇಸಿಜಿ ತೆಗೆಸಿ. ಎಣಿಕೆ ಸರಿ ಬಂದರೂ ಡಾಕ್ಟರ್ ಹತ್ತಿರ ತೋರಿಸೋದು ತಪ್ಪಿಸಬೇಡಿ, ಯಾಕಂದ್ರೆ ಈ ಸಂದಿ ಒಮ್ಮೊಮ್ಮೆ ಮುಚ್ಚಿ ಒಮ್ಮೊಮ್ಮೆ ತೆರೆದುಕೊಳ್ಳುವುದೂ ಉಂಟು.